ಸಿಂದಗ್ಯಾಗಿನ ನಾನು

ಮೊದಲಿಗೇ ಒಂದು ಮಾತು ಖುಲ್ಲಾ ಹೇಳಿಬಿಡ್ತೇನಿ. ನನಗ ಹೆಂಡ್ತಿ ಒಬ್ಬಾಕೀನ. ಹೆಸರು ಸುಮಂಗಲಾ, ತವರುಮನಿ ಬಸವನ ಬಾಗೇವಾಡಿ, ಲಗ್ನ ಆಗಿ ಇಪ್ಪತ್ತೊಂದು ವರ್ಷ ಆತು. ಇದನ್ನ ಹಿಂಗ ಸಾರಿ ಹೇಳೂ ಪಾಳಿ ಯಾಕ ಬಂತು ಅಂದ್ರ, ಇವತ್ತಿಗೂ ಇಂಡಿ ಊರಾಗ ಹತ್ತು ಮಂದೀನ ಕೇಳಿದ್ರ ಆರು ಮಂದಿ ಈ ಮಡಿವಾಳಪ್ಪಗ ಎರಡು ಸಂಸಾರ ಅಂತಾರ, ಮೂರು ಮಂದಿ ಮೂರು ಸಂಸಾರ ಅಂತಾರ. ಹತ್ತನೇಯಾಂವ ನಮ್ಮ ಬಾಜೂಮನಿ ರುಕ್ಮವ್ವನ ಗಂಡ, ಅಂವಗ ಕಿವಿ ಕೇಳೂದಿಲ್ಲ.

ಇಷ್ಟಕ್ಕೆಲ್ಲಾ ಮೂಲ ಒಂದು ಸೀರಿಯಲ್ಲು.

ನಾನು ಬಸವಂತರಾಯ ಸಾಹುಕಾರ್ರ ಅಡತಿ ಅಂಗಡ್ಯಾಗ ಲಿಂಬಿಹಣ್ಣು ಆರಸಾಂವ. ಹದಿನೆಂಟು ವರ್ಷದಿಂದ ಇದ ಕೆಲಸ. ದೊಡ್ಡ ಹಣ್ಣು ಒಂದ ಕಡಿ, ಸಣ್ಣದು ಒಂದ ಕಡಿ, ಕಲಿ ಬಿದ್ದದ್ದು ಉಪ್ಪಿನಕಾಯಿಗೆ. ಎರಡು ಹಣ್ಣು ಮುಂದಿಟ್ಟು, ಇವು ಒಂದ ಗಿಡದ್ವೋ ಬ್ಯಾರೆ ಗಿಡದ್ವೋ ಅಂತ ಕೇಳ್ರಿ, ನಾ ಕಣ್ಣಲೆ ನೋಡಿ ಹೇಳ್ತೇನಿ. ಖರೇನೋ ಸುಳ್ಳೋ ಅಂತ ಇಲ್ಲಿತನಕ ಯಾರೂ ತೋಟಕ್ಕ ಹೋಗಿ ತಪಾಸ ಮಾಡಿಲ್ಲ, ಅದಕ ನನ್ನ ಹೆಸರು ಉಳಕೊಂಡೈತಿ. ಇಂಥಾ ಸೂಕ್ಷ್ಮ ಬುದ್ಧಿಯವ ಮನ್ಯಾಗ ಕುಂತು ಅತ್ತಿ-ಸೊಸಿ ಜಗಳದ ಸೀರಿಯಲ್ಲು ನೋಡೂದು ಶೋಭಿಸೂದಿಲ್ಲ ಅಂತ ನನಗ ಭಾಳ ದಿನದಿಂದ ಅನಸ್ತಿತ್ತು.

ಮಗಳು ಶಿವಾನಿ ಡಿಗ್ರಿ ಎರಡನೇ ವರ್ಷ ಓದ್ತಾಳ. ಆಕಿ ಟೀವಿಗೆ ಇಂಟರ್ನೆಟ್ ಜೋಡಿಸಿಕೊಟ್ಟಳು. ಅದರಾಗ ಸಿಕ್ಕಿತು ನೋಡ್ರಿ, ಪರದೇಶದ ಸೀರಿಯಲ್ಲು, ಕನ್ನಡದಾಗ ಮಾತು ಕೂಡಿಸಿದ್ದು, ಒಟ್ಟ ಹತ್ತು ಭಾಗ. ಹೆಸರು ಹೇಳಾಕ ಹೋದ್ರ ನಾಲಿಗಿ ತೊಡರ್ತೈತಿ, ಬಿಡ್ರಿ. ಕಥಿ ಇಷ್ಟ: ಒಬ್ಬ ವಿಜ್ಞಾನಿ. ನಾವಿರೂ ಲೋಕದ ಬಗಲಾಗ ಇಂಥಾವ ಸಾವಿರ ಲೋಕ ಅದಾವು, ಒಂದೊಂದ್ರಾಗೂ ನಾವು ಒಬ್ಬೊಬ್ಬರು ಅದೇವಿ ಅಂತ ಅಂವ ಕಂಡುಹಿಡೀತಾನ. ಇಲ್ಲಿ ನೀವು ಎಡಕ್ಕ ಹೊಳ್ಳಿದ್ರ ಅಲ್ಲಿ ನೀವು ಬಲಕ್ಕ ಹೊಳ್ಳಿರ್ತೀರಿ. ಇಲ್ಲಿ ಒಬ್ಬಾಕೀನ ಲಗ್ನ ಆಗಿದ್ರ ಅಲ್ಲಿ ಇನ್ನೊಬ್ಬಾಕೀನ ಆಗಿರ್ತೀರಿ. ಆದ್ರ ಇಬ್ಬರೂ ಎಂದೂ ಭೆಟ್ಟಿ ಆಗಬಾರದು. ಮೈಗೆ ಮೈ ಹತ್ತಿತೋ, ಎರಡೂ ಲೋಕ ಬೂದಿ.

ಮೊದಲನೇ ಮೂರು ಭಾಗ ನನಗ ಏನೂ ತಿಳೀಲಿಲ್ಲ. ನಾಕನೇದ್ರಾಗ ನಿದ್ದಿ ಹತ್ತಿತು. ಆದ್ರ ಮರುದಿನ ಚಾದಂಗಡ್ಯಾಗ ನಿನ್ನೆ ಏನ್ ನೋಡಿದಿಪಾ ಅಂತ ಕೇಳಿದ್ರು. ತಿಳೀಲಿಲ್ಲ ಅಂದ್ರ ಮರ್ಯಾದಿ ಹೋಗ್ತಿತ್ತು, ಅದಕ ತಿಳದೈತಿ ಅಂದೆ. ತಿಳದೈತಿ ಅಂದ ಮ್ಯಾಲೆ ಮಂದಿಗೆ ತಿಳಿಸಿ ಹೇಳಬೇಕಾತು. ನಾಕು ಸಲ ತಿಳಿಸಿ ಹೇಳಿದ ಮ್ಯಾಲೆ ನನಗೂ ತಿಳೀತು.

ಅಲ್ಲಿಂದ ನನ್ನ ನದರ ಬದಲಾತು. ಎಸ್ಸೆಸ್ಸೆಲ್ಸಿ ಗಣಿತದಾಗ ಎರಡು ಮಾರ್ಕ್ಸಲೆ ನಾ ಫೇಲ ಆದಾಂವ. ಅಂದ್ರ ಎಲ್ಲೋ ಒಂದು ಲೋಕದಾಗ ಅದ ಎರಡು ಮಾರ್ಕ್ಸಲೆ ನಾ ಪಾಸಾಗೇನಿ. ಅಲ್ಲಿ ನಾ ಏನಾಗಿರಬೇಕು? ಲಿಂಬಿಹಣ್ಣು ಆರಿಸ್ಕೋತ ಇಡೀ ದಿನ ಅದನ್ನ ವಿಚಾರ ಮಾಡ್ತಿದ್ದೆ. ಕಲಿ ಬಿದ್ದ ಹಣ್ಣೆಲ್ಲಾ ದೊಡ್ಡ ಹಣ್ಣಿನ ಚೀಲಕ್ಕ ಬಿದ್ದು ಸಾಹುಕಾರ್ರು ಎರಡು ಸಲ ಕಣ್ಣ ಕಿಸದ್ರು.

ಎಂಟನೇ ಭಾಗ ನೋಡಿದ ಮರುದಿನ, ಗುರುವಾರ ಸಂಜಿ, ಟೆಂಪೋ ಇಸ್ಮಾಯಿಲ ಮನಿಗೆ ಬಂದ. ಅಂವ ನಮ್ಮ ಅಂಗಡಿ ಹಣ್ಣು ಸಿಂದಗಿಗೆ ಒಯ್ಯಾಂವ, ನನ್ನ ಹಳೇ ದೋಸ್ತ. ಸುಮಂಗಲಾ ಒಳಗ ರೊಟ್ಟಿ ಬಡ್ಯಾಕತ್ತಿದ್ಳು. ಕಟ್ಟಿ ಮ್ಯಾಲೆ ರುಕ್ಮವ್ವ ತನ್ನ ಮನಿ ತೊಗರಿಬ್ಯಾಳಿ ನಮ್ಮ ಬೆಳಕಿನ್ಯಾಗ ಆರಸಾಕತ್ತಿದ್ಳು. ಇಸ್ಮಾಯಿಲ ಕಿಸೆದಾಗಿಂದ ಒಂದು ಕಾರ್ಡ್ ತಗದು ನನ್ನ ಕೈಯಾಗ ಕೊಟ್ಟ.

"ಏನ್ಪಾ ಮಡಿವಾಳಪ್ಪ, ಸಿಂದಗ್ಯಾಗ ಎರಡು ಅಂತಸ್ತಿನ ಮನಿ ಕಟ್ಟಿದಿ, ನಮಗ ಒಂದು ಮಾತೂ ಹೇಳಲಿಲ್ಲ. ಅಲ್ಲಿ ಸಂತ್ಯಾಗ ನಿನ್ನ ಕಾರ್ಡ್ ಹಂಚಾಕತ್ತಿದ್ರು."

ಚಾಷ್ಟಿ ಮಾಡಾಕತ್ತಾನ ಅಂತ ತಿಳದು ಕಾರ್ಡ್ ಬಿಚ್ಚಿದೆ. ಮ್ಯಾಲೆ ಬಸವಣ್ಣನ ಚಿತ್ರ, ಕೆಳಗ ನೂತನ ಗೃಹಪ್ರವೇಶ, ಅದರ ಕೆಳಗ ಬಂಗಾರದ ಅಕ್ಷರದಾಗ ಶ್ರೀ ಮಡಿವಾಳಪ್ಪ ರೇವಣಪ್ಪ ಬಿರಾದಾರ. ನನ್ನ ಹೆಸರು. ನಮ್ಮಪ್ಪನ ಹೆಸರು. ನಮ್ಮ ಅಡ್ಡಹೆಸರು. ಮೂರೂ ಒಂದರ ಹಿಂದ ಒಂದು ನಿಂತಿದ್ವು. 

"ಸುಮಂಗಲಾ, ಲಗೂನ ಬಾ" ಅಂದೆ. "ಸಿಕ್ಕ. ಆ ಕಡೀ ನಾನು ಸಿಕ್ಕ. ಆ ಕಡಿ ನಾ ಮನಿ ಕಟ್ಟೇನಿ ನೋಡು. ನಾ ಮೊದಲ ಹೇಳಿದ್ನಿಲ್ಲೋ, ಪಾಸಾಗಿದ್ರ ಮನಿ ಕಟ್ಟತಿದ್ನಿ ಅಂತ. ಆ ಕಡಿ ನನ್ನ ಹೆಂಡ್ತಿ ಹೆಸರು ವಿಜಯಲಕ್ಷ್ಮಿ. ಸೌಭಾಗ್ಯವತಿ ವಿಜಯಲಕ್ಷ್ಮಿ ಮಡಿವಾಳಪ್ಪ ಬಿರಾದಾರ. ಏನ್ ಚಂದ ಹೆಸರೈತಿ."

ರೊಟ್ಟಿ ಸಪ್ಪಳ ನಿಂತಿತು. ಸುಮಂಗಲಾ ಹಿಟ್ಟಿನ ಕೈಲೇ ಬಂದು ಕಾರ್ಡ್ ಓದಿದ್ಳು. ಓದಿ, ನನ್ನ ಮಾರಿ ನೋಡಿದ್ಳು. ಕಾರ್ಡ್ ನನ್ನ ಕೈಯಾಗಿಟ್ಟು ಒಳಗ ಹೋದ್ಳು.

ಶಿವಾನಿ ಕಾರ್ಡ್ ಇಸಗೊಂಡು ಅಂದ್ಳು, "ಪಪ್ಪಾ, ಇದು ಹೆಸರಷ್ಟ ಒಂದ. ನಮ್ಮ ಕಡಿ ಮೊಮ್ಮಗಗ ಅಜ್ಜನ ಹೆಸರು ಇಡ್ತಾರ. ಮಡಿವಾಳಪ್ಪನ ಮಗ ರೇವಣಪ್ಪ, ರೇವಣಪ್ಪನ ಮಗ ಮಡಿವಾಳಪ್ಪ, ಏಳು ತಲಿ ಹಿಂಗ ನಡೀತೈತಿ. ಬಿರಾದಾರರಂತೂ ಊರಿಗೊಂದು ಓಣಿ ಇರ್ತಾರ. ಇದರಾಗ ಏನೈತಿ?"

"ಮೂರನೇ ಭಾಗದಾಗ ಆ ವಿಜ್ಞಾನಿ ಮೈದುನನೂ ಹಿಂಗ ಅಂದಿದ್ದ" ಅಂದೆ ನಾನು. "ಇದರಾಗ ಏನೈತಿ ಅಂತ. ಅಂವ ಏನಾದ ಗೊತ್ತೈತಿಲ್ಲ? ಹೊಗಿ ಆಗಿ ಹೋದ."

ರುಕ್ಮವ್ವ ಬ್ಯಾಳಿ ಮೊರ ಬಗಲಾಗ ಇಟಗೊಂಡು ಎದ್ದಳು. ಆಕಿ ಸೀರಿಯಲ್ಲಿನ ಸುದ್ದಿ ಕೇಳಿದಾಕಿ ಅಲ್ಲ. ಆಕಿಗೆ ಕೇಳಿಸಿದ್ದು ಇಷ್ಟ: ಮಡಿವಾಳಪ್ಪ ಸಿಂದಗ್ಯಾಗ ಮನಿ ಕಟ್ಯಾನ, ಅಲ್ಲಿ ಒಬ್ಬಾಕಿ ಹೆಂಡ್ತಿ ಅದಾಳ, ಇದನ್ನ ಅಂವ ಕಟ್ಟಿಕೊಂಡಾಕಿ ಮುಂದ ನಕ್ಕೋತ ಹೇಳ್ಯಾನ. ಬ್ಯಾಳಿ ಆರಸೂದು ಅರ್ಧಕ್ಕ ಬಿಟ್ಟು ಆಕಿ ಓಣಿ ತುದಿತನಕ ಹೋಗಿ ಬಂದ್ಳು. ತುದಿ ಮುಟ್ಟೂದ್ರಾಗ ಮಕ್ಕಳು ಎರಡಾಗಿದ್ವು. ಹೊಳ್ಳಿ ಬರೂದ್ರಾಗ ದೊಡ್ಡದು ಸಾಲಿಗೆ ಹೋಗಾಕತ್ತಿತ್ತು. ಮರುದಿನ ಮುಂಜಾನೆ ಯಾರೋ ಮುದ್ದೇಬಿಹಾಳದಾಗ ಮೂರನೇ ಸಂಸಾರ ಹೂಡಿಕೊಟ್ಟಿದ್ರು, ಅದು ಯಾರು ಅಂತ ನನಗ ಇನ್ನೂ ಪತ್ತೆ ಹತ್ತಿಲ್ಲ.

ಮರ್ಯಾದಿ ಹೋಗ್ತೈತಿ ಅಂತ ನೀವು ಅನ್ನಬಹುದು. ಚಾದಂಗಡ್ಯಾಗ ಅದು ಹೆಚ್ಚಾತು. ಹದಿನೆಂಟು ವರ್ಷ ನನಗ ಕುಂಡ್ರಾಕ ಬಾಕಿನ ತುದಿ ತೋರಿಸ್ತಿದ್ದ ಮಂದಿ ನಡುವ ಜಾಗಾ ಬಿಟ್ಟುಕೊಟ್ರು. ಒಬ್ಬಂವ ಕಿವ್ಯಾಗ ಕೇಳಿದ, "ಕಾಕಾ, ಒಬ್ಬಾಕೀನ ಸಂಭಾಳಸೂದು ನಮಗ ಆಗವಲ್ದು, ನೀವು ಹೆಂಗ್ರಿ?" ನಾನು ಗಂಭೀರ ಆಗಿ ಹೇಳಿದೆ, "ತಮ್ಮಾ, ಆ ಲೋಕ ಬ್ಯಾರೆ, ಈ ಲೋಕ ಬ್ಯಾರೆ. ಎರಡೂ ಕೂಡಬಾರದು, ಅದೊಂದು ನೆನಪಿಡಬೇಕು." ಅಂವ ನನ್ನ ಕಾಲಿಗೆ ಬೀಳೂದೊಂದ ಬಾಕಿ.

ಮನ್ಯಾಗ ಮಾತ್ರ ಸುಮಂಗಲಾ ಮಾತು ಬಿಟ್ಟಿದ್ಳು. ತಾಟು ಮುಂದ ಬರ್ತಿತ್ತು, ರೊಟ್ಟಿ ಬರ್ತಿತ್ತು, ಮಾತು ಬರ್ತಿದ್ದಿಲ್ಲ. ಚಪ್ಲಿ ಹಾಕೊಂಡು ಅಡಿಗಿಮನಿತನಕ ಹೋದೆ, ಬೈತಾಳ ಅಂತ. ಬೈಲಿಲ್ಲ. 

ಶುಕ್ರವಾರ ಮಧ್ಯಾಹ್ನ ಆಕಿ ತಮ್ಮ ಸಂಗಮೇಶ ಬಾಗೇವಾಡಿಯಿಂದ ಗಾಡಿ ಹೊಡಕೊಂಡು ಬಂದ. ಯಾರು ಫೋನ್ ಮಾಡಿದ್ರು ಅಂತ ನಾ ಕೇಳಲಿಲ್ಲ, ರುಕ್ಮವ್ವ ಬಾಗಲಾಗ ನಿಂತಿದ್ಳು. ಸಂಗಮೇಶ ತಾಲೂಕ ಆಫೀಸಿನ ಮುಂದ ಅರ್ಜಿ ಬರದು ಕೊಡಾಂವ. ಅದಕ ಏನ ಮಾತಾಡಿದ್ರೂ ಸಾಕ್ಷಿ ಪುರಾವೆ ಇಲ್ಲದ ಮಾತಾಡೂದಿಲ್ಲ.

"ಮಾವಾರ, ನಾ ಸಿಟ್ಟಿಗೇಳೂದಿಲ್ಲ" ಅಂದ. "ಪುರಾವೆ ನೋಡೂಣು." ಅಂದು ಕಾರ್ಡಿನ ಮ್ಯಾಲಿನ ನಂಬರಿಗೆ ಫೋನ್ ಹಚ್ಚಿ, ಎಲ್ಲಾರಿಗೂ ಕೇಳೂಹಂಗ ಇಟ್ಟ. ಆ ಕಡಿ ಒಬ್ಬ ಹೆಣ್ಮಗಳು ಎತ್ತಿದ್ಳು.

"ಮಡಿವಾಳಪ್ಪ ರೇವಣಪ್ಪ ಬಿರಾದಾರ ಅವರ ಮನಿ ಏನ್ರಿ?"

"ಹೌದ್ರಿ, ನಾ ಅವರ ಮನಿಯಾಕಿ ಮಾತಾಡೂದು."

"ಸಾಹೇಬ್ರು ಮನ್ಯಾಗ ಅದಾರೇನ್ರಿ?"

"ಇಲ್ರೀ, ಮುಂಜಾನೆ ಹೊರಗ ಹೋಗ್ಯಾರ. ಎಲ್ಲಿಗೆ ಹೋಗ್ಯಾರೋ ಗೊತ್ತಿಲ್ರಿ."

ಸಂಗಮೇಶ ಫೋನ್ ಮ್ಯಾಲೆ ಕೈ ಮುಚ್ಚಿ ಎಲ್ಲಾರನ್ನೂ ನೋಡಿದ. "ಕೇಳಿದ್ರಿ? ಅಲ್ಲಿ ಇಲ್ಲ. ಇಲ್ಲಿ ಅದಾರ. ಇನ್ನೇನ ಪುರಾವೆ ಬೇಕು?" ಅಂದು ಫೋನಿನ್ಯಾಗ ಹೇಳಿದ, "ತಂಗೆವ್ವಾ, ನಿಮ್ಮ ಮನಿಯವರು ಇಂಡಿಯೊಳಗ ಅದಾರ್ರಿ. ನಮ್ಮ ಅಕ್ಕನ್ನ ಲಗ್ನ ಆಗಿ ಇಪ್ಪತ್ತೊಂದು ವರ್ಷ ಆತ್ರಿ. ಡಿಗ್ರಿ ಓದೂ ಮಗಳದಾಳ್ರಿ."

 ಆ ಕಡಿ ಫೋನ್ ಕಟ್ ಆತು. ಆ ಕ್ಷಣದಾಗ ಸಿಂದಗ್ಯಾಗೂ ಒಂದು ಒಲಿ ಆರಿತು, ಅದು ನಮಗ ಆಮ್ಯಾಲೆ ತಿಳೀತು.

ಶನಿವಾರ ಮಾತು ಹಿರ್ಯಾರ ಮುಂದ ಹೋತು. ಹಿರ್ಯಾರು ಅಂದ್ರ ಬಸವಂತರಾಯ ಸಾಹುಕಾರ್ರು, ಜಾಗಾ ಅಂದ್ರ ಅವರ ಅಂಗಡಿ, ಲಿಂಬಿ ಚೀಲದ ಮ್ಯಾಲೆ ಎಲ್ಲಾರೂ ಕುಂತಿದ್ರು. ಸಾಹುಕಾರ್ರು ಕಾರ್ಡ್ ಓದಿ, ಕನ್ನಡಕ ಒರಸಿ ಮತ್ತ ಓದಿದ್ರು.

"ಮಡಿವಾಳಪ್ಪ, ಒಂದ ಮಾತಿನ್ಯಾಗ ಹೇಳು. ಈ ಮನಿ ನಿಂದು ಹೌದೋ ಅಲ್ಲೋ?"

"ನಂದ ಹೌದ್ರಿ ಸಾಹುಕಾರ್ರ. ಆದ್ರ ನಾನಲ್ರಿ."

"ಈ ಹೆಣ್ಮಗಳು ಯಾರು?"

"ನನ್ನ ಹೆಂಡ್ತಿರಿ. ನಾ ಮಾತ್ರ ಆಕೀನ ನೋಡಿಲ್ರಿ."

ಸಂಗಮೇಶ ಇದನ್ನೆಲ್ಲಾ ಒಂದು ಹಾಳ್ಯಾಗ ಬರಕೊಂಡ. ನಾನು ಒಂದು ಲಿಂಬಿಹಣ್ಣು ಎತ್ತಿ ತಿಳಿಸಿ ಹೇಳಿದೆ. ಒಂದ ಗಿಡ, ಎರಡು ಟೊಂಗಿ. ಈ ಟೊಂಗಿ ಹಣ್ಣು ಇಂಡಿ, ಆ ಟೊಂಗಿ ಹಣ್ಣು ಸಿಂದಗಿ. ಬೇರು ಒಂದ. ಸಾಹುಕಾರ್ರು ಎದ್ದು ಬಂದು ನನ್ನ ಕೈಯಾನ ಹಣ್ಣು ಇಸಗೊಂಡು ಚೀಲಕ್ಕ ಹಾಕಿದ್ರು. "ನೀ ಮನಿಗೆ ಹೋಗು" ಅಂದ್ರು. "ಇದು ತೀರ್ಮಾನ ಆಗೂತನಕ ಹಣ್ಣು ಮುಟ್ಟಬ್ಯಾಡ. ನನ್ನ ಹಣ್ಣೂ ಎರಡೆರಡು ಆದ್ರ ನಾ ಎಲ್ಲಿ ಮಾರ್ಲಿ?"

"ಆ ಮನುಷ್ಯಾನ ಫೋಟೋ ತರಿಸಿದ್ರ ಮುಗೀತಲ್ರಿ" ಅಂದ್ಳು ಶಿವಾನಿ.

"ಫೋಟೋ ಏನ್ ಹೇಳ್ತೈತವ್ವಾ" ಅಂದ್ಳು ರುಕ್ಮವ್ವ. ಆಕೀನ ಯಾರು ಕರದಿದ್ರೋ ಗೊತ್ತಿಲ್ಲ. "ಅಲ್ಲಿ ಹೋದಾಗ ತಲಿಗೆ ಟೋಪಿಗೂದಲಾ, ಕಣ್ಣಿಗೆ ಕನ್ನಡಕ ಹಾಕ್ಕೊಂಡ್ರ ಯಾರಿಗೆ ಗೊತ್ತಾಗ್ತೈತಿ?"

ಇದು ಎಲ್ಲಾರಿಗೂ ಖರೇ ಅನಿಸ್ತು. ಆವಾಗ ಸುಮಂಗಲಾ ಎರಡು ದಿನದ ಮ್ಯಾಲೆ ಬಾಯಿ ಬಿಚ್ಚಿದ್ಳು. ನನ್ನ ಕಡಿ ನೋಡಲಿಲ್ಲ, ಸಾಹುಕಾರ್ರ ಕಡಿ ನೋಡಿ ಹೇಳಿದ್ಳು. "ಇಬ್ಬರೂ ಒಮ್ಮೆಲೆ ನನ್ನ ಕಣ್ಣಿಗೆ ಬೀಳಬೇಕ್ರಿ. ಒಂದ ಹೊತ್ತಿನ್ಯಾಗ, ಇಬ್ಬರೂ. ನಾಳಿ ಸಂಜೀಗೆ ಅದು ಆಗಲಿಲ್ಲಂದ್ರ ನಾ ತಮ್ಮನ ಗಾಡಿ ಮ್ಯಾಲೆ ಕುಂತು ಬಾಗೇವಾಡಿಗೆ ಹೋಗ್ತೇನಿ. ಮತ್ತ ಹೊಳ್ಳಿ ಬರೂದಿಲ್ಲ."

ಆಕಿ ದನಿ ನಡಗಲಿಲ್ಲ. ಅದ ನನಗ ಹೆದರಿಕಿ ಹುಟ್ಟಿಸಿತು. ಇಪ್ಪತ್ತೊಂದು ವರ್ಷದಾಗ ಆಕಿ ಬಾಗೇವಾಡಿಗೆ ಹೋಗ್ತೇನಿ ಅಂತ ಸಾವಿರ ಸಲ ಅಂದಾಳ, ಎಲ್ಲಾ ಸಲ ಒದರಿ ಅಂದಾಳ. ಒದರದ ಅಂದದ್ದು ಇದ ಮೊದಲು.

ಮನಿಗೆ ಬಂದು ವಿಚಾರ ಮಾಡಿದೆ. ಆ ನನ್ನನ್ನ ಇಲ್ಲಿ ಕರಕೊಂಡು ಬರಬೇಕು. ಇಬ್ಬರೂ ಒಂದ ಮನ್ಯಾಗ ನಿಂತ್ರ ಮೈಗೆ ಮೈ ಹತ್ತಬಹುದು. ಹತ್ತಿದ್ರ ಎರಡೂ ಲೋಕ ಬೂದಿ, ಇಂಡಿ ಹೋತು, ಸಿಂದಗಿ ಹೋತು, ನಡುವಿನ ಊರು ತಾಂಬಾ ಸುಮ್ನ ಸಿಕ್ಕು ಹೋತು. ಈ ಕಡಿ ಲೋಕ, ಆ ಕಡಿ ಸುಮಂಗಲಾ. ಭಾಳ ಹೊತ್ತು ಬೇಕಾಗಲಿಲ್ಲ. ಲೋಕ ಹೋದ್ರ ಹೋಗಲಿ ಅಂತ ನಿಶ್ಚಯ ಮಾಡಿದೆ.

ರವಿವಾರ ಮುಂಜಾನೆ ಒಂಬತ್ತರ ಬಸ್ಸಿಗೆ ಹೊಂಟೆ. ಹುಷಾರಿಗೆ ಪೂರ್ತಿ ತೋಳಿನ ಅಂಗಿ, ಕೈಗೆ ಚಳಿಗಾಲದ ಕೈಗವಸು ಹಾಕ್ಕೊಂಡಿದ್ದೆ. ಎಪ್ರಿಲ್ ತಿಂಗಳು, ಕಂಡಕ್ಟರ್ ತಿಕೀಟ ಕೊಡುವಾಗ ಕೈ ನೋಡಿ ಸ್ವಲ್ಪ ದೂರನ ನಿಂತ. ತಾಂಬಾದಾಗ ಬಸ್ ಹತ್ತು ಮಿನಿಟ ನಿಂತಿತು. ಚಾ ಕುಡ್ಯಾಕ ಇಳದೆ. ಗದ್ದಲ ಭಾಳ ಇತ್ತು. ಸಿಂದಗಿ ಕಡಿಯಿಂದ ಬಂದ ಬಸ್ಸಿನ ಮಂದೀನೂ ಅಲ್ಲೇ ಇಳದಿದ್ರು. ಒಬ್ಬ ದಪ್ಪ ಮೀಸಿ ಎತ್ತರದ ಆಸಾಮಿ ನನ್ನ ಕಾಲು ತುಳದ. ನಾನು "ಕಣ್ಣ ಎಲ್ಲಿಟ್ಟೀರಿ?" ಅಂದೆ. ಅಂವ "ಮನ್ಯಾಗ ಬೆಂಕಿ ಹತ್ತೈತ್ರಿ ನಮಗ, ಕಾಲು ಯಾರದು ಅಂತ ನೋಡಾಕ ಎಲ್ಲಿ ವ್ಯಾಳ್ಯಾ" ಅಂದ. ನಂದೂ ಅದ ಹಣೇಬಾರ ಅಂದೆ. ಇಬ್ಬರೂ ಒಂದೊಂದು ಭಜಿ ತಿಂದು ನಮ್ಮ ನಮ್ಮ ಬಸ್ ಹತ್ತಿದ್ವಿ.

ಸಿಂದಗ್ಯಾಗ ಮನಿ ಹುಡುಕೂದು ಕಷ್ಟ ಆಗಲಿಲ್ಲ. ಬಾಗಲಿಗೆ ಮಾವಿನ ತೋರಣ ಇನ್ನೂ ಹಸಿರಿತ್ತು. ಒಳಗ ಹೊಸ ಸೋಫಾ, ಹೊಸ ಫ್ಯಾನು, ಬಣ್ಣದ ವಾಸನಿ. ಸೋಫಾದ ಮ್ಯಾಲೆ, ಕೆಳಗ, ಬಾಗಲಾಗ ಒಟ್ಟ ಒಂಬತ್ತು ಮಂದಿ ಸಂಬಂಧಿಕರು ಹೊಟ್ಟಿಬ್ಯಾನಿ ಬಂದವರಗತೆ ಕುಂತಿದ್ರು. ನಾನು ಕೈ ಮುಗದು, "ಮಡಿವಾಳಪ್ಪ ರೇವಣಪ್ಪ ಬಿರಾದಾರ ಅಂತ್ರಿ, ಇಂಡಿಯಿಂದ ಬಂದೇನಿ" ಅಂದೆ.

ನೀರು ತರಾಕತ್ತಿದ್ದ ಹೆಣ್ಮಗಳ ಕೈಯಾನ ತಂಬಿಗಿ ಕೆಳಗ ಬಿತ್ತು. ಆಕೀನ ವಿಜಯಲಕ್ಷ್ಮಿ. ದೊಡ್ಡ ಕುಂಕುಮ, ದೊಡ್ಡ ಕಣ್ಣು, ಅತ್ತು ಕೆಂಪಾಗಿದ್ವು. ನಾನು ನಾಕು ಹೆಜ್ಜಿ ಹಿಂದ ಸರದೆ. ಆ ಕಡೀ ಹೆಂಡ್ತಿ ಮುಟ್ಟಿದ್ರ ಏನಾಗ್ತೈತಿ ಅಂತ ಸೀರಿಯಲ್ಲಿನ್ಯಾಗ ಇನ್ನೂ ಬಂದಿದ್ದಿಲ್ಲ.

ಆಕಿ ಅಣ್ಣ ತಲಾಠಿ, ಊರ ಲೆಕ್ಕ ಬರಿಯಾಂವ. ಅಂವ ನನ್ನ ಆಧಾರ ಕಾರ್ಡ್ ಕೇಳಿ ಇಸಗೊಂಡ, ಇನ್ನೊಂದು ಆಧಾರ ಕಾರ್ಡಿನ ಝೆರಾಕ್ಸ್ ಬಗಲಾಗ ಇಟ್ಟ. "ಹೆಸರು ಹೊಂದ್ತೈತಿ. ತಂದಿ ಹೆಸರು ಹೊಂದ್ತೈತಿ" ಅಂದು ಕನ್ನಡಕ ಏರಿಸಿದ. "ಜಲ್ಮ ತಾರೀಖು, ಒಂದು ಆರು ಎಪ್ಪತ್ತೆಂಟು. ಇದೂ ಒಂದು ಆರು ಎಪ್ಪತ್ತೆಂಟು." ಕಾರ್ಡ್ ಕೆಳಗಿಟ್ಟು ತಂಗಿಗೆ ಹೇಳಿದ, "ವಿಜೂ, ಸರಕಾರದ ಲೆಕ್ಕದಾಗ ಇಂವ ನಿನ್ನ ಗಂಡನ ಹೌದು."

"ನನ್ನ ಗಂಡನ ಮೀಸಿ ಎಲ್ಲೈತಿ?" ಅಂದ್ಳು ವಿಜಯಲಕ್ಷ್ಮಿ. "ಇವರು ನನ್ನ ಗಂಡನ ಅರ್ಧ ಅದಾರ."

"ಮೀಸಿ ಆಧಾರದಾಗ ಬರೂದಿಲ್ಲ" ಅಂದ ತಲಾಠಿ.

ಮೂಲ್ಯಾಗ ಕುಂತಿದ್ದ ಒಬ್ಬ ಮುದುಕಿ ಆವಾಗ ಕೆಮ್ಮಿದ್ಳು. ಮರೆವ್ವ ಅಂತ, ಮನಿ ಹಿರಿ ಸ್ವಾದರತ್ತಿ. "ಏ ತಲಾಠಿ, ನಿನ್ನ ಜಲ್ಮ ತಾರೀಖು ಏನು?" ಅಂದ್ಳು. ಅಂವ ಜರಾ ತಡದು, ಒಂದು ಆರು ಅಂದ. "ನಿನ್ನ ತಮ್ಮಂದು?" ಅಂವಂದೂ ಒಂದು ಆರು. ಕೇಳ್ಕೋತ ಹೋದ್ರ ಅಲ್ಲಿದ್ದ ಒಂಬತ್ತು ಮಂದ್ಯಾಗ ಏಳು ಮಂದಿ ಜೂನ್ ಒಂದಕ್ಕ ಹುಟ್ಟಿದವರು. ನಮ್ಮ ಕಾಲದಾಗ ಸಾಲಿಗೆ ಹೆಸರು ಹಚ್ಚುವಾಗ ಹುಟ್ಟಿದ ದಿನ ಯಾರಿಗೆ ನೆನಪಿರ್ತಿತ್ತು? ಮಾಸ್ತರು ಸಾಲಿ ಸುರು ಆಗೂ ದಿನಾನ ಬರದು ಕೈ ತೊಳಕೋತಿದ್ರು. ಹಂಗ ನೋಡಿದ್ರ ನಮ್ಮ ಜಿಲ್ಲಾದಾಗ ಅರ್ಧ ಗಂಡಸ್ರು ಒಬ್ಬಾಂವನ.

ನಾನು ಒಪ್ಪಲಿಲ್ಲ. ಇಷ್ಟು ದೂರ ಬಂದು ಬರೇ ಮಾಸ್ತರ ಕೈಬರಹಕ್ಕ ಸ್ವಾತೆ ಅಂತ ಒಪ್ಪಾಕ ಮನಸಾಗಲಿಲ್ಲ. "ಅಕ್ಕಾರ, ಅವರನ್ನ ಕರೀರಿ. ನಾ ದೂರ ನಿಂತು ಮಾತಾಡ್ತೇನಿ. ಅವರನ್ನ ಇಂಡಿಗೆ ಕರಕೊಂಡು ಹೋಗಬೇಕು, ಇಲ್ಲಂದ್ರ ನನ್ನ ಹೆಂಡ್ತಿ ಹೋಗ್ತಾಳ" ಅಂದೆ.

ವಿಜಯಲಕ್ಷ್ಮಿ ಕಣ್ಣು ಒರಸ್ಕೊಂಡ್ಳು. "ಅವರು ಇಂಡಿಗೇ ಹೋಗ್ಯಾರ್ರಿ, ಅಣ್ಣಾರ. ಆ ಇಂಡಿ ಮಡಿವಾಳಪ್ಪನ್ನ ಹಿಡಕೊಂಡು ಬಂದು ನನ್ನ ಮುಂದ ನಿಲ್ಲಸ್ರಿ, ಇಲ್ಲಂದ್ರ ಈ ಹೊಸ ಮನ್ಯಾಗ ನಾ ಒಲಿ ಹಚ್ಚೂದಿಲ್ಲ ಅಂತ ನಾನ ಹೇಳಿದ್ದೆ. ಮುಂಜಾನೆ ಬಸ್ಸಿಗೆ ಹೋಗ್ಯಾರ."

 ಅಷ್ಟರಾಗ ಆಕಿ ಫೋನ್ ಬಡೀತು. ಮಾರಿ ಕಾಣೂ ಫೋನು. ತೆರದು ನೋಡಿದ್ರ ನಮ್ಮ ಮನಿ. ನಮ್ಮ ಗ್ವಾಡಿ, ನಮ್ಮ ಕ್ಯಾಲೆಂಡರು, ನಮ್ಮ ಟೀವಿ. ನನ್ನ ಕುರ್ಚಿ ಮ್ಯಾಲೆ ಒಬ್ಬ ದಪ್ಪ ಮೀಸಿ ಆಸಾಮಿ ಕುಂತಿದ್ದ, ಬಗಲಾಗ ಸಂಗಮೇಶ ಅಂವನ ತೋಳು ಹಿಡದು ನಿಂತಿದ್ದ. ಹಿಂದ ರುಕ್ಮವ್ವ ನೆಲಕ್ಕ ಕುಂತು ಸೆರಗಲೆ ಗಾಳಿ ಹಾಕ್ಕೊಳ್ಳಾಕತ್ತಿದ್ಳು. ಫೋನ್ ಹಿಡದಾಕಿ ಸುಮಂಗಲಾ.

"ಇವರು ನಿಮ್ಮವರೇನ್ರಿ?" ಅಂದ್ಳು ಸುಮಂಗಲಾ.

"ಹೌದ್ರಿ. ಇವರು ನಿಮ್ಮವರೇನ್ರಿ?" ಅಂತ ವಿಜಯಲಕ್ಷ್ಮಿ ಫೋನ್ ನನ್ನ ಕಡಿ ಹೊಳ್ಳಿಸಿದ್ಳು.

ಸುಮಂಗಲಾ ನನ್ನನ್ನ ನೋಡಿದ್ಳು. ನನ್ನ ಕೈಗವಸು ನೋಡಿದ್ಳು. "ಹೌದ್ರಿ, ನಮ್ಮವರ" ಅಂದ್ಳು. ಇಬ್ಬರೂ ಒಂದ ಹೊತ್ತಿನ್ಯಾಗ ಆಕಿ ಕಣ್ಣಿಗೆ ಬಿದ್ದಿದ್ವಿ.

ಮೀಸಿ ಮಡಿವಾಳಪ್ಪ ಫೋನಿನ ಹತ್ತರ ಬಂದು ನನ್ನ ಮಾರಿ ದಿಟ್ಟಿಸಿದ. "ನೀವು ತಾಂಬಾದಾಗ ಭಜಿ ತಿಂದವರಲ್ರಿ? ನಾ ನಿಮ್ಮ ಕಾಲು ತುಳದೆ." ಹೌದ್ರಿ ಅಂದೆ. ಇಬ್ಬರದೂ ಮೈಗೆ ಮೈ ಹತ್ತಿ ಎರಡು ತಾಸು ಆಗಿತ್ತು. ಕಿಡಕಿ ಹೊರಗ ನೋಡಿದೆ, ಸಿಂದಗಿ ಇದ್ದಲ್ಲೇ ಇತ್ತು. ನಾನು ಸುಮ್ನ ಕೈಗವಸು ಬಿಚ್ಚಿ ಕಿಸೆದಾಗ ಇಟಗೊಂಡೆ.

ಆಮ್ಯಾಲೆ ನಮ್ಮಿಬ್ಬರನ್ನ ಯಾರೂ ಕೇಳಲಿಲ್ಲ. ಹೆಂಗಸರಿಬ್ಬರೂ ಮಾತು ಹಿಡದ್ರು. ಮೊದಲು ಕ್ಷಮಾ ಕೇಳ್ಯಾಡೂದು, ಆಮ್ಯಾಲೆ ಹೊಸ ಮನಿ ಸುದ್ದಿ, ಆಮ್ಯಾಲೆ ನಮ್ಮ ಸುದ್ದಿ. "ನಿಮ್ಮವರೂ ಸಂತಿಗೆ ಕಳಿಸಿದ್ರ ಹೇಳಿದ್ದು ಬಿಟ್ಟು ಬ್ಯಾರೇದು ತರ್ತಾರೇನ್ರಿ?" "ಅಯ್ಯ, ನಿಮ್ಮವರೂ ಹಂಗೇನ್ರಿ?" "ಏನಾರ ಕೇಳಿದ್ರ ನಾಳಿ ನೋಡೂಣು ಅಂತಾರೇನ್ರಿ?" "ಇವರು ಅಷ್ಟ ಅಂದ್ರ ಪುಣ್ಯಾ. ಮಾತು ಬಾಯಾಗ ಬರ್ತೈತಿ, ಹಲ್ಲಿಗೆ ಬಡದು ಒಳಗ ಹೋಗ್ತೈತ್ರಿ." ನಲವತ್ತು ಮಿನಿಟ ಆತು. ಲೋಕ ಸಾವಿರ ಇರಬಹುದು, ಗಂಡ ಅನ್ನಾಂವ ಎಲ್ಲಾ ಕಡಿ ಒಬ್ಬನ ಅಂತ ಅವರಿಬ್ಬರೂ ಯಾವ ಸೀರಿಯಲ್ಲೂ ನೋಡದ ಕಂಡುಹಿಡದ್ರು. ಕಡೀಕ ಒಪ್ಪಂದ ಆತು, ಆಕಿ ಗಂಡನ್ನ ಈಕಿ ಬಸ್ಸಿಗೆ ಕಳಸೂದು, ಈಕಿ ಗಂಡನ್ನ ಆಕಿ.

ವಿಜಯಲಕ್ಷ್ಮಿ ಒಲಿ ಹಚ್ಚಿ ಹೋಳಗಿ ಮಾಡಿ ನೀಡಿದ್ಳು. ತುಪ್ಪ, ಹಾಲು, ಸೋಫಾದ ಮ್ಯಾಲೆ ಕುಂತು ಊಟ. ಬಸ್ಸಿನತನಕ ತಲಾಠಿ ಬಂದು ಕಿಡಕಿ ಸೀಟ ಹಿಡಿಸಿಕೊಟ್ಟ.

ಐದೂವರೀಗೆ ನಾ ಇಂಡಿಯೊಳಗ ಇಳದೆ. ಮನಿಮುಂದ ಸಂಗಮೇಶನ ಗಾಡಿ ಇದ್ದಿಲ್ಲ. ಎದ್ದಂಗಾತು ಜೀವ, ಮತ್ತ ಕುಸೀತು, ಆಕೀನೂ ಅದರ ಮ್ಯಾಲೆ ಹೋಗಿದ್ರ? ಒಳಗ ಹೋದೆ. ಸುಮಂಗಲಾ ಅಡಿಗಿಮನಿ ಹೊಸ್ತಿಲದಾಗ ಕುಂತು ಮೆಂತೆಪಲ್ಯ ಸೋಸಾಕತ್ತಿದ್ಳು. ನಾ ಎದುರಿಗೆ ನೆಲದ ಮ್ಯಾಲೆ ಕುಂತೆ.

"ನೋಡಿದಿಲ್ಲೋ ಇಬ್ಬರನ್ನೂ" ಅಂದೆ. "ನಾ ಅಂವ ಅಲ್ಲ. ಈಗರ ನಂಬಿದೆನು?"

"ಅದು ನನಗ ಗುರುವಾರನ ಗೊತ್ತಿತ್ತು" ಅಂದ್ಳು. "ಎರಡು ಸಂಸಾರ ಮಾಡೂ ಬುದ್ಧಿ ನಿಮಗ ಎಲ್ಲೈತಿ? ಒಂದ್ರಾಗ ಉಪ್ಪಿನ ಡಬ್ಬಿ ಎಲ್ಲೈತಿ ಅಂತ ಗೊತ್ತಿಲ್ಲ."

"ಮತ್ಯಾಕ ಬಾಗೇವಾಡಿಗೆ ಹೋಗ್ತೇನಿ ಅಂದಿ?"

ಆಕಿ ಪಲ್ಯ ಸೋಸೂದು ಬಿಡಲಿಲ್ಲ. "ಆ ಕಾರ್ಡಿನ್ಯಾಗ ಆ ಹೆಸರು ಓದುವಾಗ ನಿಮ್ಮ ಮಾರಿ ನಾ ನೋಡಿದೆ. ಏನ್ ಚಂದ ಹೆಸರೈತಿ ಅಂದ್ರಿ. ಇಪ್ಪತ್ತೊಂದು ವರ್ಷದಾಗ ನನ್ನ ಹೆಸರು ಒಂದ ಸಲ ಹಂಗ ಓದಿಲ್ಲ ನೀವು. ಆ ಕಡಿ ಮನಿ ಐತಿ, ಆ ಕಡಿ ಹೆಂಡ್ತಿ ಅದಾಳ, ಈ ಕಡಿ ಏನೈತಿ ಅಂತ ನಿಮಗ ಅನಿಸಿತಲ್ಲ. ಅದಕ ಅಂದೆ."

 ನಾ ನೋಡಿದ ಎಂಟು ಭಾಗದಾಗ ಈ ಮಾತಿಗೆ ಉತ್ತರ ಎಲ್ಲೂ ಬಂದಿದ್ದಿಲ್ಲ. ಅದಕ ಇದ್ದದ್ದು ಇದ್ದಂಗ ಹೇಳಿದೆ.

"ಸುಮಂಗಲಾ, ಅಲ್ಲಿ ಎಲ್ಲಾ ಇತ್ತು. ಸೋಫಾ ಇತ್ತು, ತುಪ್ಪ ಇತ್ತು. ನಾ ತುದೀಗೆ ಕುಂತು ಹೆದರಿ ಹೆದರಿ ಉಂಡೆ. ನೀ ಇಲ್ಲದ ಮನ್ಯಾಗ ಕೈ ಎಲ್ಲಿ ತೊಳೀಬೇಕು ಅನ್ನೂದೂ ನನಗ ತಿಳೀಲಿಲ್ಲ. ಊಟ ಆದ ಮ್ಯಾಲೆ ತಾಟು ಹಿಡಕೊಂಡು ಎಷ್ಟೋ ಹೊತ್ತು ನಿಂತಿದ್ದೆ. ಯಾರೂ ನನಗ ಬೈಲಿಲ್ಲ. ನನಗ ಅಳು ಬಂತು. ಅಂಥಾ ಲೋಕ ನನಗ ಬ್ಯಾಡ."

ಸುಮಂಗಲಾ ತಲಿ ತಗ್ಗಿಸಿದ್ಳು. ಮೂಗು ಸೆರಗಿಗೆ ಒರಸ್ಕೊಂಡು ಏನೋ ಅನ್ನಾಕ ಬಾಯಿ ತಗದ್ಳು, ಅಷ್ಟರಾಗ ಆಕಿ ಫೋನ್ ಬಡೀತು. ವಿಜಯಲಕ್ಷ್ಮಿ. ದನಿ ನನಗೂ ಕೇಳಸಾಕತ್ತಿತ್ತು.

"ಅಕ್ಕಾರ, ನಮ್ಮವರು ಇನ್ನೂ ಬಂದಿಲ್ರಿ. ಈಗ ಫೋನ್ ಮಾಡಿದ್ರು. ಸಿಂದಗಿ ಬಸ್ ಅಂತ ತಿಳಕೊಂಡು ಇಂಡಿಯೊಳಗ ಚಡಚಣ ಬಸ್ ಹತ್ಯಾರಂತ. ಕುಂತು ನಿದ್ದಿ ಮಾಡ್ಯಾರ. ಈಗ ಚಡಚಣದಾಗ ಇಳದು, ಇದು ಯಾವ ಊರು ಅಂತ ನನ್ನ ಕೇಳಾಕತ್ತಾರ್ರಿ."

ನಾ ಚಟಕ್ಕನ ಎದ್ದೆ. ಎಷ್ಟಂದ್ರೂ ಅಂವ ನಾನು. ನನ್ನ ಹೆಸರು, ನಮ್ಮಪ್ಪನ ಹೆಸರು, ಒಂದು ಆರು ಎಪ್ಪತ್ತೆಂಟು. ಅಂವನ್ನ ಪರ ಊರಾಗ ಬಿಟ್ಟು ನಾ ಮನ್ಯಾಗ ಕುಂಡ್ರೂದು ಶೋಭಿಸೂದಿಲ್ಲ. "ನಾ ಹೋಗಿ ಕರಕೊಂಡು ಬರ್ತೇನಿ" ಅಂದು ಚಪ್ಲಿ ಮೆಟಗೊಂಡೆ.

ಸುಮಂಗಲಾ ಫೋನಿನ್ಯಾಗ, "ಕಾಳಜಿ ಮಾಡಬ್ಯಾಡ್ರಿ ಅಕ್ಕಾರ, ಇಸ್ಮಾಯಿಲಣ್ಣನ ಟೆಂಪೋ ಕಳಸ್ತೇನಿ, ಅವರು ನಿಂತಲ್ಲೇ ನಿಂತಿರಲಿ" ಅಂದ್ಳು. ಆಮ್ಯಾಲೆ ಪಲ್ಯದ ಕೈಲೇ ನನ್ನ ಅಂಗಿ ಚುಂಗು ಹಿಡದು ಕೆಳಗ ಜಗ್ಗಿದ್ಳು.

"ಸುಮ್ನ ಕುಂಡ್ರ್ರಿ. ಒಬ್ಬ ಮಡಿವಾಳಪ್ಪ ಆಗಲೇ ಕಳದಾನ. ಇನ್ನೊಬ್ಬನ್ನ ಕಳಕೊಳ್ಳೂದು ನನ್ನ ಕೈಲೆ ಆಗೂದಿಲ್ಲ."